ಇಳಿಜಾರೆಲ್ಲ 90 ಡಿಗ್ರಿ ಬಂದರೆ: ಕ್ಯೂಜಿಐಎಸ್‌ನಲ್ಲಿ ಲೆಕ್ಕ ತಪ್ಪುವ ಜಾಗಗಳು

ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಮುಳ್ಳಯ್ಯನಗಿರಿ ಸುತ್ತಮುತ್ತಲಿನ ಎತ್ತರದ ದತ್ತಾಂಶ ಹಾಕಿ, ಇಳಿಜಾರು ಲೆಕ್ಕ ಮಾಡುವ 'ಸ್ಲೋಪ್' ಸಾಧನ ಓಡಿಸುತ್ತೀರಿ. ನಾಲ್ಕಾರು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಕೆಂಪು ಅಕ್ಷರದ ಎಚ್ಚರಿಕೆ ಒಂದೂ ಇಲ್ಲ. ಆದರೆ ಯಾವ ಪಿಕ್ಸೆಲ್ ಮೇಲೆ ಕ್ಲಿಕ್ ಮಾಡಿದರೂ 89.99 ಡಿಗ್ರಿ ಎನ್ನುತ್ತದೆ. ಬೆಟ್ಟದ ನೆತ್ತಿ, ಕೆಳಗಿನ ಕಾಫಿ ತೋಟ, ಚಿಕ್ಕಮಗಳೂರು ಪೇಟೆಯ ರಸ್ತೆ, ಎಲ್ಲವೂ ಗೋಡೆ ನಿಂತ ಹಾಗೆ ನೆಟ್ಟಗೆ. ಅಯ್ಯನಕೆರೆಯ ನೀರು ಮಾತ್ರ ಸೊನ್ನೆ.

ಇದು ಕಣ್ಣಿಗೆ ಹೊಡೆಯುವ ತಪ್ಪು. ಹಾಗಾಗಿ ಇದರಿಂದ ದೊಡ್ಡ ಅಪಾಯವಿಲ್ಲ. ನೋಡಿದವರು ತಕ್ಷಣ ಹಿಂದೆ ಸರಿಯುತ್ತಾರೆ. ಅಪಾಯ ಇರುವುದು ನಂಬುವಂತೆ ಕಾಣುವ ತಪ್ಪುಗಳಲ್ಲಿ. ಇಳಿಜಾರು 22 ಡಿಗ್ರಿ ಇರಬೇಕಾದ ಕಡೆ 14 ಬಂದಿರುತ್ತದೆ, ಜಲಾನಯನದ ಅರ್ಧ ಭಾಗ ಸದ್ದಿಲ್ಲದೆ ಬಿಟ್ಟುಹೋಗಿರುತ್ತದೆ, ನಕ್ಷೆ ಮಾತ್ರ ಬಲು ಚೆಂದ ಇರುತ್ತದೆ. ಅದು ವರದಿಗೆ ಸೇರುತ್ತದೆ, ವರದಿ ನೋಡಿ ಚೆಕ್ ಡ್ಯಾಮ್ ಎಲ್ಲಿ ಕಟ್ಟಬೇಕು, ಮನೆ ಎಲ್ಲಿ ಕಟ್ಟಬಾರದು ಎಂದು ಯಾರೋ ನಿರ್ಧರಿಸುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ತಂತ್ರಾಂಶ ನಿಂತುಹೋಗುವ ತೊಂದರೆಗಳಿಗಿಂತ, ಅದು ಸರಾಗವಾಗಿ ಓಡಿ ತಪ್ಪು ಉತ್ತರ ಕೊಡುವ ತೊಂದರೆಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು, ತೆರೆಯ ಹಿಂದೆ ಯಾರು ಕೆಲಸ ಮಾಡುತ್ತಾರೆ ಎಂಬುದು ಗೊತ್ತಿರಬೇಕು. ಕ್ಯೂಜಿಐಎಸ್ 2002ರಲ್ಲಿ ಶುರುವಾದ ಯೋಜನೆ. ನಕ್ಷೆ ತೋರಿಸುವುದು, ಪದರ ಜೋಡಿಸುವುದು ಅದರದೇ ಕೆಲಸ. ಆದರೆ ಟೂಲ್‌ಬಾಕ್ಸ್‌ನಲ್ಲಿ ಕಾಣುವ ಸಾಧನಗಳಲ್ಲಿ ಬಹಳಷ್ಟು ಬೇರೆಯವರವು. ರಾಸ್ಟರ್ (ಪ್ರತಿ ಚೌಕಕ್ಕೂ ಒಂದು ಸಂಖ್ಯೆ ತುಂಬಿದ ಕಡತ) ಓದುವುದು, ಬರೆಯುವುದು, ಕತ್ತರಿಸುವುದು ಜಿಡಿಎಎಲ್ ಎಂಬ ತಂತ್ರಾಂಶ ಮಾಡುತ್ತದೆ. ಜಲಾನಯನದ ಲೆಕ್ಕ ಹೆಚ್ಚಾಗಿ ಗ್ರಾಸ್‌ನದು. ಅದು ಅಮೆರಿಕದ ಸೇನೆಯ ಎಂಜಿನಿಯರುಗಳ ಸಂಶೋಧನಾಲಯದಲ್ಲಿ 1980ರ ದಶಕದ ಆರಂಭದಲ್ಲಿ ಹುಟ್ಟಿದ್ದು. ಇನ್ನೊಂದು ಎಂಜಿನ್ ಸಾಗಾ, ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ಒಂದೇ 'ಇಳಿಜಾರು' ಲೆಕ್ಕಕ್ಕೆ ಟೂಲ್‌ಬಾಕ್ಸ್‌ನಲ್ಲಿ ಮೂರ್ನಾಲ್ಕು ಸಾಧನಗಳು ಕಾಣುವುದು ಇದಕ್ಕೇ. ಏನಾದರೂ ಎಡವಟ್ಟಾದರೆ ಯಾವ ಎಂಜಿನ್ ಓಡುತ್ತಿತ್ತು ಎಂದು ಗುರುತಿಸಿಕೊಂಡರೆ ಅರ್ಧ ದಾರಿ ಸಾಗಿದ ಹಾಗೆ.

ಇನ್ನರ್ಧ ದಾರಿ ದತ್ತಾಂಶದಲ್ಲಿದೆ. ಎತ್ತರದ ದತ್ತಾಂಶವನ್ನು ಬಳಸುವವರೆಲ್ಲ 'ಡೆಮ್' ಎನ್ನುತ್ತಾರೆ. ನೆಲವನ್ನು ಚೌಕಗಳಾಗಿ ಹೆಚ್ಚಿ ಪ್ರತಿ ಚೌಕಕ್ಕೂ ಒಂದು ಎತ್ತರ ಬರೆದಿಟ್ಟ ಕಡತ ಅದು. ಅದರ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಚೌಕದ ಅಡ್ಡಗಲ ಯಾವ ಅಳತೆಯಲ್ಲಿದೆ? ಎತ್ತರವನ್ನು ಎಲ್ಲಿಂದ ಅಳೆದಿದ್ದಾರೆ? ಎತ್ತರ ಗೊತ್ತಿಲ್ಲದ ಚೌಕಕ್ಕೆ ಯಾವ ಸಂಖ್ಯೆ ತುಂಬಿದ್ದಾರೆ? ಮೊದಲೆರಡಕ್ಕೆ ತಪ್ಪು ಉತ್ತರ ಇಟ್ಟುಕೊಂಡೇ ಜನ ತಿಂಗಳುಗಟ್ಟಲೆ ಕೆಲಸ ಮಾಡಿಬಿಡುತ್ತಾರೆ.

ಡಿಗ್ರಿ ಒಂದು ಕಡೆ, ಮೀಟರ್ ಇನ್ನೊಂದು ಕಡೆ

ಮುಳ್ಳಯ್ಯನಗಿರಿಯ 89.99ಕ್ಕೆ ಬರೋಣ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಿಂದ ಅಳೆದು ತಂದ ಎಸ್‌ಆರ್‌ಟಿಎಂ ದತ್ತಾಂಶವನ್ನೇ ನಮ್ಮಲ್ಲಿ ಹೆಚ್ಚು ಜನ ಬಳಸುವುದು. ಅದರ ಒಂದು ಚೌಕದ ಅಗಲ ನೆಲದ ಮೇಲೆ ಸುಮಾರು 30 ಮೀಟರ್. ಆದರೆ ಕಡತದೊಳಗೆ ಆ ಅಗಲ ಬರೆದಿರುವುದು ಡಿಗ್ರಿಯಲ್ಲಿ: 0.000278. ಎತ್ತರ ಮಾತ್ರ ಮೀಟರಿನಲ್ಲಿದೆ.

ಈಗ ಅಕ್ಕಪಕ್ಕದ ಎರಡು ಚೌಕಗಳ ನಡುವೆ 12 ಮೀಟರ್ ಏರು ಇದೆ ಎಂದುಕೊಳ್ಳಿ. 12ನ್ನು 30ರಿಂದ ಭಾಗಿಸಿದರೆ 0.4, ಅಂದರೆ ಸುಮಾರು 22 ಡಿಗ್ರಿ ಇಳಿಜಾರು. ಮಲೆನಾಡಿನಲ್ಲಿ ದಿನವೂ ಕಾಣುವ ಇಳಿಜಾರು ಅದು. ಅದೇ 12ನ್ನು 0.000278ರಿಂದ ಭಾಗಿಸಿದರೆ 43 ಸಾವಿರ ದಾಟುತ್ತದೆ. ಅಂಥ ಇಳಿಜಾರು 90ಕ್ಕೆ ಕೂದಲೆಳೆಯಷ್ಟು ಕಮ್ಮಿ. ಬರೀ ಒಂದು ಮೀಟರ್ ಏರಿದ್ದರೂ ಇದೇ ಗತಿ. ಎರಡೂ ಚೌಕದ ಎತ್ತರ ಒಂದೇ ಆಗಿದ್ದರೆ ಮಾತ್ರ ಸೊನ್ನೆ. ಕೆರೆ ಬಚಾವಾಗಿದ್ದು ಹಾಗೆ. ಜಿಡಿಎಎಲ್‌ನ ಸಾಧನದಲ್ಲಿ ಇದಕ್ಕಾಗಿಯೇ 'ಸ್ಕೇಲ್' ಎಂಬ ಖಾನೆ ಇದೆ, ಅಲ್ಲಿ 111120 ಎಂದು ತುಂಬಿದರೆ ಡಿಗ್ರಿ ಅಂದಾಜಾಗಿ ಮೀಟರ್ ಆಗುತ್ತದೆ. ಆದರೆ ನನ್ನ ಮಟ್ಟಿಗೆ ಅದು ತುರ್ತಿನ ದಾರಿ. ದತ್ತಾಂಶವನ್ನೇ ಮೀಟರಿಗೆ ತಂದುಕೊಳ್ಳುವುದು ಸರಿಯಾದ ದಾರಿ.

ಅಂದರೆ ಯುಟಿಎಂ, ಭೂಮಿಯನ್ನು ವಲಯಗಳಾಗಿ ಹಂಚಿ ಜಾಗಗಳನ್ನು ಮೀಟರಿನಲ್ಲಿ ಗುರುತಿಸುವ ಪದ್ಧತಿ. ಕರ್ನಾಟಕದ ಬಹುಭಾಗ 43ನೇ ವಲಯದಲ್ಲಿ ಬರುತ್ತದೆ, ತಂತ್ರಾಂಶದಲ್ಲಿ ಅದನ್ನು ಗುರುತಿಸುವ ಇಪಿಎಸ್‌ಜಿ ಸಂಖ್ಯೆ 32643. ಆದರೆ ವಲಯದ ಗಡಿ 78 ಡಿಗ್ರಿ ರೇಖಾಂಶ. ಬೆಂಗಳೂರು ಅದರ ಪಶ್ಚಿಮಕ್ಕಿದೆ, ಕೋಲಾರ, ಮುಳಬಾಗಿಲು ಪೂರ್ವಕ್ಕಿವೆ. ಅವು 44ನೇ ವಲಯ, 32644. ಚಿಕ್ಕಬಳ್ಳಾಪುರ ಜಿಲ್ಲೆಯ ಮೇಲೆ ಗೆರೆ ಹಾದುಹೋಗುತ್ತದೆ. ಗಡಿಯ ಹತ್ತಿರದ ಕೆಲಸಕ್ಕೆ ಒಂದೇ ವಲಯ ಆರಿಸಿ ಇಡೀ ಯೋಜನೆಯನ್ನು ಅದರಲ್ಲೇ ಮುಗಿಸಿ. ಅರ್ಧ ಇದರಲ್ಲಿ ಅರ್ಧ ಅದರಲ್ಲಿ ಮಾಡಿ ಆಮೇಲೆ ಅಂಟಿಸಲು ಹೋದರೆ ಚೌಕಗಳು ಒಂದಕ್ಕೊಂದು ಕೂರುವುದಿಲ್ಲ.

ಇಲ್ಲೊಂದು ಗುಂಡಿ ಇದೆ, ಹೊಸಬರಲ್ಲಿ ಬಹಳ ಜನ ಬೀಳುವುದು ಇದರಲ್ಲೇ. ಜಾಗ ಗುರುತಿಸುವ ಇಂಥ ಪದ್ಧತಿಗೆ ತಂತ್ರಾಂಶದಲ್ಲಿ 'ಸಿಆರ್‌ಎಸ್' ಎಂದು ಹೆಸರು. ಪದರದ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಟ್ ಲೇಯರ್ ಸಿಆರ್‌ಎಸ್' ಎಂದು 32643 ಆರಿಸಿದರೆ ದತ್ತಾಂಶ ಬದಲಾಗುವುದಿಲ್ಲ. ಇರುವ ಸಂಖ್ಯೆಗಳಿಗೆ ಬೇರೆ ಹೆಸರಿನ ಚೀಟಿ ಅಂಟಿಸಿದಂತಾಗುತ್ತದೆ, ಅಷ್ಟೆ. 75.7 ಡಿಗ್ರಿ ಎಂದಿದ್ದದ್ದು 75.7 ಮೀಟರ್ ಆಗಿ ಪದರವೇ ಕಣ್ಮರೆಯಾಗುತ್ತದೆ. ಕೆಳಗಿನ ಬಲ ಮೂಲೆಯಲ್ಲಿ ಯೋಜನೆಯ ಸಿಆರ್‌ಎಸ್ ಬದಲಿಸಿದರೂ ಪ್ರಯೋಜನವಿಲ್ಲ. ಅದು ತೋರಿಸುವ ರೀತಿಯನ್ನು ಮಾತ್ರ ಬದಲಿಸುತ್ತದೆ, ಲೆಕ್ಕ ಹಳೆಯ ಡಿಗ್ರಿಯಲ್ಲೇ ನಡೆಯುತ್ತದೆ. ಬೇಕಾದ್ದು ರಾಸ್ಟರ್ ಮೆನುವಿನ 'ವಾರ್ಪ್', ಅದು ಹೊಸ ಕಡತ ಬರೆಯುತ್ತದೆ.

ವಾರ್ಪ್ ಮಾಡುವಾಗ, ಹಳೆಯ ಚೌಕಗಳಿಂದ ಹೊಸ ಚೌಕದ ಸಂಖ್ಯೆ ಹೇಗೆ ತೆಗೆಯಬೇಕು ಎಂದು ಹೇಳುವ 'ರೀಸ್ಯಾಂಪ್ಲಿಂಗ್' ಖಾನೆ ತಾನಾಗಿ 'ನಿಯರೆಸ್ಟ್ ನೇಬರ್' ಎಂದಿರುತ್ತದೆ. ಎತ್ತರದ ದತ್ತಾಂಶಕ್ಕೆ ಅದನ್ನು ಬಿಟ್ಟರೆ ಹಿಲ್‌ಶೇಡ್ (ಬಿಸಿಲು-ನೆರಳಿನಿಂದ ಬೆಟ್ಟಗುಡ್ಡ ಉಬ್ಬಿಸಿ ತೋರಿಸುವ ಚಿತ್ರ) ಮೇಲೆ ಬಾಚಣಿಗೆ ಎಳೆದ ಹಾಗೆ ಅಡ್ಡ-ಉದ್ದ ಗೆರೆಗಳು ಮೂಡುತ್ತವೆ. ಹೊಸ ಚೌಕಗಳು ಹಳೆಯವುಗಳ ಮೇಲೆ ಸರಿಯಾಗಿ ಕೂರದೆ ಅಲ್ಲಲ್ಲಿ ಒಂದು ಸಾಲು ಎರಡು ಸಲ ಬರುತ್ತದೆ ಅಥವಾ ಒಂದು ಸಾಲು ಬಿಟ್ಟುಹೋಗುತ್ತದೆ. ಬರೀ ಎತ್ತರ ನೋಡಿದರೆ ಗೊತ್ತಾಗದು, ಇಳಿಜಾರು ಲೆಕ್ಕ ಮಾಡಿದಾಗ ಎದ್ದು ಕಾಣುತ್ತದೆ. 'ಬೈಲಿನಿಯರ್' ಅಥವಾ 'ಕ್ಯೂಬಿಕ್' ಆರಿಸಿ. ಭೂಬಳಕೆಯ ನಕ್ಷೆಯಾದರೆ ಮಾತ್ರ ನಿಯರೆಸ್ಟ್ ನೇಬರ್ ಸರಿ. ಅಲ್ಲಿ 1 ಎಂದರೆ ಕಾಡು, 3 ಎಂದರೆ ಗದ್ದೆ ಇದ್ದಾಗ ನಡುವಿನ 2 ಎಂಬ ಸರಾಸರಿಗೆ ಅರ್ಥವಿಲ್ಲ.

ಬಿಂದುಗಳ ವಿಷಯಕ್ಕೂ ಒಂದು ಮಾತು. ಮೊಬೈಲಿನಲ್ಲಿ ಗುರುತು ಹಾಕಿಕೊಂಡ ಬೋರ್‌ವೆಲ್‌ಗಳೆಲ್ಲ ನಕ್ಷೆಯಲ್ಲಿ ಉತ್ತರ ಧ್ರುವದ ಹತ್ತಿರ, ಸ್ವಾಲ್‌ಬಾರ್ಡ್ ದ್ವೀಪದ ಪಕ್ಕದ ಕಡಲಿನಲ್ಲಿ ಬಿದ್ದಿದ್ದರೆ ಅಕ್ಷಾಂಶ ರೇಖಾಂಶ ಅದಲುಬದಲಾಗಿವೆ. 13-77 ಇದ್ದದ್ದು 77-13 ಆಗಿದೆ. ಆಫ್ರಿಕಾದ ಪಕ್ಕ ಗಿನಿ ಕೊಲ್ಲಿಯಲ್ಲಿ ಎಲ್ಲ ಬಿಂದುಗಳೂ ಒಂದೇ ಕಡೆ ಗುಂಪಾಗಿದ್ದರೆ ಡಿಗ್ರಿಯನ್ನು ಮೀಟರ್ ಎಂದು ಓದಿಕೊಂಡಿದೆ.

ಕಡಲ ತೀರ ಮೈನಸ್ 85

ಎರಡನೆಯ ಪ್ರಶ್ನೆ ಹೆಚ್ಚು ಸೂಕ್ಷ್ಮ, ದಕ್ಷಿಣ ಭಾರತದವರಿಗೆ ಬೇರೆಲ್ಲರಿಗಿಂತ ಹೆಚ್ಚು ಮುಖ್ಯ. ಇಸ್ರೋದ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ಮಾಡಿದ ಕಾರ್ಟೋಡೆಮ್ 'ಭುವನ್' ತಾಣದಲ್ಲಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಮಂಗಳೂರಿನ ಕಡಲ ತೀರದ ಮೇಲೆ ಕ್ಲಿಕ್ ಮಾಡಿದರೆ ಮೈನಸ್ 80ರಿಂದ 90ರ ನಡುವಿನ ಸಂಖ್ಯೆ ಬರುತ್ತದೆ. ಬೆಂಗಳೂರಿನಲ್ಲಿ 920 ಮೀಟರ್ ಎತ್ತರದ ಜಾಗ 830ರ ಚಿಲ್ಲರೆ ಎನ್ನುತ್ತದೆ. ಕಡತ ಕೆಟ್ಟಿದೆ ಎಂದು ಎಸೆದು ಮತ್ತೆ ಇಳಿಸಿಕೊಳ್ಳುವವರಿದ್ದಾರೆ. ಮತ್ತೆ ಅದೇ ಸಂಖ್ಯೆ.

ಕಡತ ಸರಿಯಾಗಿಯೇ ಇದೆ. ಉಪಗ್ರಹಗಳು ಎತ್ತರ ಅಳೆಯುವುದು ಭೂಮಿಯ ಆಕಾರಕ್ಕೆ ಹತ್ತಿರವಾದ ಒಂದು ನಯವಾದ, ಗಣಿತದ ಮೇಲ್ಮೈಯಿಂದ. ಅದರ ಹೆಸರು ಎಲಿಪ್ಸಾಯ್ಡ್. ನಾವು 'ಸಮುದ್ರ ಮಟ್ಟದಿಂದ' ಎನ್ನುವ ಎತ್ತರ ಗುರುತ್ವವನ್ನು ಅನುಸರಿಸಿ ಏರಿಳಿಯುವ ಇನ್ನೊಂದು ಮೇಲ್ಮೈಯದು, ಅದು ಜಿಯಾಯ್ಡ್. ಇವೆರಡರ ನಡುವಿನ ಅಂತರ ಜಗತ್ತಿನ ಬೇರೆ ಬೇರೆ ಕಡೆ ಬೇರೆ ಬೇರೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಿಯಾಯ್ಡ್ 100 ಮೀಟರಿಗೂ ಹೆಚ್ಚು ತಗ್ಗಿದೆ. ಭೂಮಿಯ ಮೇಲೆ ಅಷ್ಟು ತಗ್ಗು ಇನ್ನೆಲ್ಲೂ ಇಲ್ಲ. ಅದು ಯಾಕೆ ಹಾಗಿದೆ ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2023ರಲ್ಲಿ ಭೂಮಿಯ ಒಳಪದರಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ಒಂದು ವಿವರಣೆ ಕೊಟ್ಟರು. ಆ ತಗ್ಗಿನ ಅಂಚಿನಲ್ಲೇ ನಾವಿದ್ದೇವೆ. ಬೆಂಗಳೂರಿನಲ್ಲಿ ಅಂತರ ಸುಮಾರು 86 ಮೀಟರ್.

ಇಳಿಜಾರಿನ ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲ, ಇಡೀ ಪ್ರದೇಶ ಹೆಚ್ಚುಕಮ್ಮಿ ಒಂದೇ ಸಮನೆ ಕೆಳಗಿಳಿದಿರುತ್ತದೆ. ತೊಂದರೆ ಶುರುವಾಗುವುದು ಎರಡು ಡೆಮ್ ಬೆರೆಸಿದಾಗ. ಎಸ್‌ಆರ್‌ಟಿಎಂ ಸಮುದ್ರ ಮಟ್ಟದಿಂದ ಅಳೆದದ್ದು, ಇಜಿಎಂ96 ಎಂಬ ಜಿಯಾಯ್ಡ್ ಅದರ ಆಧಾರ. ಯುರೋಪಿನ ಕೋಪರ್ನಿಕಸ್ ಡೆಮ್‌ನದು ಇಜಿಎಂ2008. ಇವೆರಡರ ವ್ಯತ್ಯಾಸ ಚಿಕ್ಕದು. ಆದರೆ ಎಸ್‌ಆರ್‌ಟಿಎಂನಲ್ಲಿ ಘಟ್ಟದ ಕಣಿವೆಯಲ್ಲಿ ತೂತು ಬಿದ್ದಿದೆ ಎಂದು ಆ ಜಾಗಕ್ಕೆ ಕಾರ್ಟೋಡೆಮ್‌ನ ತೇಪೆ ಹಾಕಿದರೆ ಅಲ್ಲಿ 85 ಮೀಟರ್ ಆಳದ, ಅಂಚು ಕಡಿದಂತಿರುವ ಬಾವಿ ಏಳುತ್ತದೆ. ಸುತ್ತಲಿನ ಹಳ್ಳಗಳೆಲ್ಲ ಅದರೊಳಗೆ ಹೋಗಿ ಸೇರುತ್ತವೆ.

ಸರಿಪಡಿಸಲು ಜಿಯಾಯ್ಡ್‌ನ ರಾಸ್ಟರ್ ಬೇಕು. ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಎಲಿಪ್ಸಾಯ್ಡ್ ಎತ್ತರದಿಂದ ಜಿಯಾಯ್ಡ್ ಮೌಲ್ಯ ಕಳೆಯಬೇಕು. ನಮ್ಮಲ್ಲಿ ಜಿಯಾಯ್ಡ್ ಮೌಲ್ಯವೇ ಮೈನಸ್ 86 ಆದ್ದರಿಂದ ಕಳೆದರೆ ಕೂಡಿದಂತಾಗುತ್ತದೆ, 834 ಇದ್ದದ್ದು 920 ಆಗುತ್ತದೆ. ಕಳೆಯುವ ಬದಲು ಕೂಡಿಬಿಟ್ಟರೆ ತಪ್ಪು ಇಮ್ಮಡಿಯಾಗುತ್ತದೆ. ಮಾಡಿ ಮುಗಿಸಿದ ಮೇಲೆ ತೀರದ ಒಂದು ಬಿಂದು ಸೊನ್ನೆಯ ಹತ್ತಿರ ಬಂದಿದೆಯೇ ನೋಡಿಕೊಂಡರೆ ಸಾಕು.

ಇದೇ ಸಂದರ್ಭದಲ್ಲಿ ಇನ್ನೊಂದು ಹೇಳಲೇಬೇಕು. 'ಆಲೋಸ್ ಪಾಲ್ಸಾರ್ 12.5 ಮೀಟರ್ ಡೆಮ್' ಎಂದು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಅಲಾಸ್ಕಾದಿಂದ ವಿತರಣೆಯಾಗುವ ಆ ಕಡತದ ಎತ್ತರ ಆಲೋಸ್ ಉಪಗ್ರಹ ಅಳೆದದ್ದಲ್ಲ. ರೇಡಾರ್ ಚಿತ್ರವನ್ನು ತಿದ್ದಲು ಬಳಸಿದ ಡೆಮ್ ಅದು, ನಮ್ಮ ಕಡೆಗೆ ಎಸ್‌ಆರ್‌ಟಿಎಂನಿಂದಲೇ ತೆಗೆದು ಸಣ್ಣ ಚೌಕಗಳಾಗಿ ಹೆಚ್ಚಿದ್ದು, ಎಲಿಪ್ಸಾಯ್ಡ್ ಎತ್ತರಕ್ಕೆ ಬದಲಿಸಿದ್ದು. ಚೌಕ ಚಿಕ್ಕದಾದ ಮಾತ್ರಕ್ಕೆ ಹೊಸ ವಿವರ ಬಂದಿಲ್ಲ. 12.5 ಮೀಟರ್ ಎಂಬ ಅಂಕಿ ನೋಡಿ ಸಣ್ಣ ಕಾಲುವೆ, ಬದುಗಳನ್ನು ಅದರಲ್ಲಿ ಹುಡುಕುವುದು ವ್ಯರ್ಥ.

ಏನೂ ಇಲ್ಲದ ಜಾಗದ ಸಂಖ್ಯೆ

ಮೂರನೆಯ ಪ್ರಶ್ನೆ ಬೇಗ ಮುಗಿಯುತ್ತದೆ. ಎಸ್‌ಆರ್‌ಟಿಎಂ ತೂತುಗಳಿಗೆ -32768 ತುಂಬುತ್ತಾರೆ, ಬೇರೆ ಕಡೆ -9999 ಸಾಮಾನ್ಯ. ಆ ಸಂಖ್ಯೆಯನ್ನು 'ನೋ ಡೇಟಾ' ಎಂದು ಕಡತದಲ್ಲಿ ಘೋಷಿಸಿರದಿದ್ದರೆ ತಂತ್ರಾಂಶ ಅದನ್ನು ನಿಜವಾದ ಎತ್ತರ ಎಂದೇ ಎಣಿಸುತ್ತದೆ. ಪದರ ಪೂರ್ತಿ ಒಂದೇ ಬೂದು ಬಣ್ಣ ಕಂಡರೆ ಪ್ರಾಪರ್ಟೀಸ್‌ನಲ್ಲಿ ಕನಿಷ್ಠ ಮೌಲ್ಯ ನೋಡಿ.

ತಾಲ್ಲೂಕಿನ ಗಡಿಗೆ ಡೆಮ್ ಕತ್ತರಿಸುವಾಗ ನೋ ಡೇಟಾ ಮೌಲ್ಯ ಕೊಡದಿದ್ದರೆ ಗಡಿಯ ಹೊರಗೆಲ್ಲ ಸೊನ್ನೆ ತುಂಬುತ್ತದೆ. 900 ಮೀಟರ್ ಎತ್ತರದ ಬಯಲುಸೀಮೆಯ ಅಂಚಿನಲ್ಲಿ 900 ಮೀಟರ್ ಪ್ರಪಾತ. ನೀರೆಲ್ಲ ಹತ್ತಿರದ ಗಡಿಯತ್ತ ಓಡುತ್ತದೆ. ಇದಕ್ಕೆ ಹೆದರಿ ಸೊನ್ನೆಯನ್ನೇ ನೋ ಡೇಟಾ ಎಂದು ಘೋಷಿಸಿದರೆ ಕರಾವಳಿಯಲ್ಲಿ ಇನ್ನೊಂದು ಆಪತ್ತು. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಂಥ ಜಾಗಗಳ ಎತ್ತರ ನಿಜವಾಗಿಯೂ ಸೊನ್ನೆಯ ಆಸುಪಾಸು. ಅವು ನಕ್ಷೆಯಿಂದಲೇ ಅಳಿಸಿಹೋಗುತ್ತವೆ. -9999 ಕೊಡುವುದೇ ಕ್ಷೇಮ.

ಡೆಮ್ ತುಣುಕುಗಳನ್ನು ಜೋಡಿಸುವ ಮೊದಲೇ ಪ್ರತಿ ತುಣುಕಿಗೂ ಹಿಲ್‌ಶೇಡ್ ಮಾಡಿದರೆ ಜೋಡಿಯ ಜಾಗದಲ್ಲಿ ಗೆರೆ ಉಳಿಯುತ್ತದೆ, ಏಕೆಂದರೆ ಪ್ರತಿ ಚೌಕದ ಲೆಕ್ಕಕ್ಕೆ ಸುತ್ತಲಿನ ಎಂಟು ಚೌಕ ಬೇಕು, ಅಂಚಿನವಕ್ಕೆ ಅವು ಸಿಗುವುದಿಲ್ಲ. ಮೊದಲು 'ಬಿಲ್ಡ್ ವರ್ಚುವಲ್ ರಾಸ್ಟರ್'ನಿಂದ ಒಂದಾಗಿಸಿ, ಆಮೇಲೆ ಲೆಕ್ಕ.

ನೀರು ಎಲ್ಲಿ ಹರಿಯಬೇಕು

ಜಲಾನಯನದ ಲೆಕ್ಕದಲ್ಲಿ ತಪ್ಪುಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಲೆಕ್ಕದ ತಿರುಳು ಸರಳ: ಪ್ರತಿ ಚೌಕದ ನೀರು ಸುತ್ತಲಿನ ಎಂಟರಲ್ಲಿ ಅತಿ ಕಡಿದಾಗಿ ಇಳಿಯುವ ಕಡೆಗೆ ಹೋಗುತ್ತದೆ. ಎಷ್ಟು ಚೌಕಗಳ ನೀರು ಒಂದು ಕಡೆ ಸೇರಿತು ಎಂದು ಎಣಿಸುತ್ತ ಹೋದರೆ ಹಳ್ಳ, ಹೊಳೆ ತಾವಾಗಿಯೇ ಮೂಡುತ್ತವೆ.

ಡೆಮ್‌ನಲ್ಲಿ ಅಲ್ಲಲ್ಲಿ ಇಲ್ಲದ ಗುಂಡಿಗಳಿರುತ್ತವೆ. ರೇಡಾರಿನ ಅಳತೆಯ ಏರುಪೇರಿನಿಂದ ಒಂದೆರಡು ಚೌಕ ತಗ್ಗಿ ನೀರು ಅಲ್ಲೇ ನಿಂತುಬಿಡುತ್ತದೆ, ಹೊಳೆ ತುಂಡು ತುಂಡಾಗುತ್ತದೆ. ಅದಕ್ಕೆ ಗುಂಡಿ ತುಂಬುವ ಸಾಧನಗಳಿವೆ, ಸಾಗಾದ 'ವಾಂಗ್ ಆಂಡ್ ಲಿಯು' ಹೆಚ್ಚು ಬಳಕೆಯದು. ಗ್ರಾಸ್‌ನ ಆರ್.ವಾಟರ್‌ಶೆಡ್‌ಗೆ ತುಂಬುವ ಅಗತ್ಯವೇ ಇಲ್ಲ, ಅದು ಗುಂಡಿಯಿಂದ ಹೊರಬರುವ ಸುಲಭದ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ತುಂಬಿದ ಡೆಮ್ ಕೊಟ್ಟರೆ ಇದ್ದ ಸುಳಿವನ್ನೂ ಅಳಿಸಿದಂತೆ.

ತುಂಬಲೇಬೇಕಾಗಿ ಬಂದರೆ ಒಂದು ಕೆಲಸ ತಪ್ಪದೆ ಮಾಡಿ. ತುಂಬಿದ ಡೆಮ್‌ನಿಂದ ಮೂಲ ಡೆಮ್ ಕಳೆದು, ಎಲ್ಲಿ ಎಷ್ಟು ಆಳ ತುಂಬಿದೆ ಎಂದು ನೋಡಿ. ಒಂದೆರಡು ಮೀಟರ್ ಇದ್ದರೆ ಅಳತೆಯ ಏರುಪೇರು. 20 ಮೀಟರ್ ತುಂಬಿದ ಜಾಗವಿದ್ದರೆ ಅಲ್ಲಿಗೆ ಉಪಗ್ರಹ ಚಿತ್ರ ಹಾಕಿ ನೋಡಿ. ಅದು ಕಲ್ಲು ಕ್ವಾರಿಯಾಗಿರಬಹುದು, ಕೆರೆಯಂಗಳವಾಗಿರಬಹುದು, ಇಲ್ಲವೇ ಮೇಲೆ ಹೇಳಿದ 85 ಮೀಟರಿನ ತೇಪೆಯ ಬಾವಿಯೇ ಇರಬಹುದು. ಕೋಲಾರ, ತುಮಕೂರು ಕಡೆಯ ಕೆರೆಸಾಲುಗಳ ಬಗ್ಗೆ ಕೆಲಸ ಮಾಡುವವರಿಗೆ ಇದು ದೊಡ್ಡ ಪ್ರಶ್ನೆ: ಮಳೆನೀರು ನಿಲ್ಲಲೆಂದೇ ಜನ ಕಟ್ಟಿದ ತಗ್ಗನ್ನು ತಂತ್ರಾಂಶ ದೋಷ ಎಂದು ತುಂಬಿಬಿಡುತ್ತದೆ. ಯಾವುದು ದೋಷ, ಯಾವುದು ಕೆರೆ ಎಂದು ಹೇಳಬೇಕಾದವರು ನಾವೇ.

ಜಲಾಶಯಗಳ ಮೇಲೆ ಒಂದಕ್ಕೊಂದು ಸಮಾನಾಂತರವಾಗಿ ನೇರ ಗೆರೆಗಳು ಬಂದರೆ ಗಾಬರಿ ಬೇಡ. ಲಿಂಗನಮಕ್ಕಿಯಂಥ ಹಿನ್ನೀರು ಡೆಮ್‌ನಲ್ಲಿ ಮಟ್ಟಸವಾದ ಹಲಗೆ. ಇಳಿಜಾರೇ ಇಲ್ಲದ ಕಡೆ ತಂತ್ರಾಂಶ ಏನಾದರೂ ದಿಕ್ಕು ಕೊಡಲೇಬೇಕು, ನೇರ ಗೆರೆ ಎಳೆಯುತ್ತದೆ. ಆ ಗೆರೆಗಳನ್ನು ಹೊಳೆ ಎಂದು ವರದಿಯಲ್ಲಿ ಉಳಿಸಿಕೊಳ್ಳಬಾರದು, ಅಷ್ಟೆ.

ಆರ್.ವಾಟರ್‌ಶೆಡ್ ಕೊಡುವ ಹರಿವಿನ ಸಂಖ್ಯೆಗಳಲ್ಲಿ ಮೈನಸ್ ಕಂಡು ಗೊಂದಲಗೊಳ್ಳುವವರು ಬಹಳ. ಅದು ದೋಷವಲ್ಲ, ಆ ಸಾಧನ ಬರೆದವರ ಪ್ರಾಮಾಣಿಕತೆ. 'ಈ ಚೌಕಕ್ಕೆ ನೀವು ಕೊಟ್ಟ ಪ್ರದೇಶದ ಹೊರಗಿನಿಂದಲೂ ನೀರು ಬರುತ್ತಿರಬಹುದು, ನನ್ನ ಎಣಿಕೆ ಕಮ್ಮಿ ಇದ್ದೀತು' ಎಂದು ಅದು ಮೈನಸ್ ಗುರುತಿನಲ್ಲಿ ಹೇಳುತ್ತದೆ. ಕರ್ನಾಟಕದ ಗಡಿಗೆ ಸರಿಯಾಗಿ ಡೆಮ್ ಕತ್ತರಿಸಿ ಕಬಿನಿಯ ಲೆಕ್ಕ ಮಾಡಿ ನೋಡಿ. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಗಡಿಯಲ್ಲಿ ಅದು ಆಗಷ್ಟೇ ಹುಟ್ಟಿದ ತೊರೆಯಂತೆ ಕಾಣುತ್ತದೆ, ಎಚ್.ಡಿ. ಕೋಟೆಯ ಅಣೆಕಟ್ಟಿನವರೆಗೂ ಮೈನಸ್ ಗುರುತು ಬೆನ್ನು ಬಿಡುವುದಿಲ್ಲ. ನೀರಿಗೆ ರಾಜ್ಯದ ಗಡಿ ಗೊತ್ತಿಲ್ಲ. ಮೊದಲು ದೊಡ್ಡ ಪ್ರದೇಶಕ್ಕೆ ಲೆಕ್ಕ ಮಾಡಿ, ಕತ್ತರಿಸುವುದನ್ನು ಕೊನೆಗಿಡಿ. ಸಂಖ್ಯೆಯ ಮೈನಸ್ ತೆಗೆದು ಧನಾತ್ಮಕ ಮಾಡುವ ಆಯ್ಕೆಯೂ ಇದೆ. ಸಮಸ್ಯೆ ಬಗೆಹರಿಯದೆ ಎಚ್ಚರಿಕೆ ಮಾತ್ರ ಮಾಯವಾಗುವುದರಿಂದ ಅದನ್ನು ಮುಟ್ಟದಿರುವುದು ಒಳ್ಳೆಯದು.

ಇನ್ನು, ಚೆಕ್ ಡ್ಯಾಮ್ ಜಾಗದ ಬಿಂದು ಕೊಟ್ಟು ಅದರ ಜಲಾನಯನ ಕೇಳಿದರೆ ನಾಲ್ಕೇ ಚೌಕದ ತುಣುಕು ಬರುವುದು. ಬಿಂದು ಹಳ್ಳದ ಚೌಕದ ಮೇಲೆ ಬಿದ್ದಿಲ್ಲ, ಪಕ್ಕದ ದಡದ ಚೌಕದ ಮೇಲೆ ಬಿದ್ದಿದೆ. ಆ ದಡಕ್ಕೆ ಬರುವ ನೀರು ನಾಲ್ಕೇ ಚೌಕದ್ದು, ತಂತ್ರಾಂಶ ಹೇಳಿದ್ದು ಸರಿ. ಜಿಪಿಎಸ್ ಹತ್ತು ಮೀಟರ್ ಆಚೀಚೆ ಹೇಳುವುದು ಮಾಮೂಲು, ಡೆಮ್‌ನ ಹಳ್ಳ ನಿಜವಾದ ಹಳ್ಳದಿಂದ ಒಂದು ಚೌಕ ಸರಿದಿರುವುದೂ ಮಾಮೂಲು. ಹರಿವಿನ ಪದರವನ್ನು ಪಿಕ್ಸೆಲ್ ಕಾಣುವಷ್ಟು ಹಿಗ್ಗಿಸಿ, ದೊಡ್ಡ ಸಂಖ್ಯೆಯ ಚೌಕದ ನಡುಮಧ್ಯದಿಂದ ಬಿಂದು ಆರಿಸಿಕೊಳ್ಳಿ.

ಹಳ್ಳ ಎಲ್ಲಿಂದ ಶುರು ಎಂಬುದಕ್ಕೆ ಕೊಡುವ ಮಿತಿಯೂ ಚೌಕಗಳ ಲೆಕ್ಕದಲ್ಲಿರುತ್ತದೆ. 30 ಮೀಟರ್ ಡೆಮ್‌ನಲ್ಲಿ 1000 ಚೌಕ ಅಂದರೆ 0.9 ಚದರ ಕಿಲೋಮೀಟರ್, 12.5 ಮೀಟರಿನದರಲ್ಲಿ ಅದೇ 1000 ಅಂದರೆ ಸುಮಾರು 0.16. ಬೇರೆಯವರ ಪ್ರಬಂಧದಿಂದ ಸಂಖ್ಯೆ ಎತ್ತಿಕೊಳ್ಳುವ ಮೊದಲು ಅವರ ಚೌಕದ ಅಳತೆ ನೋಡಿ.

ಡೆಮ್‌ಗೆ ಕಾಣದ್ದು

ತಂತ್ರಾಂಶ, ಸಿಆರ್‌ಎಸ್, ನೋ ಡೇಟಾ ಎಲ್ಲ ಸರಿಯಿದ್ದೂ ನೆಲಕ್ಕೆ ಹೊಂದದ ಫಲಿತಾಂಶ ಬರುವುದುಂಟು. ಕೋಪರ್ನಿಕಸ್ ಡೆಮ್ ಅಳೆದಿರುವುದು ನೆಲವನ್ನಲ್ಲ, ರೇಡಾರಿಗೆ ಸಿಕ್ಕ ಮೇಲ್ಭಾಗವನ್ನು. ಆಗುಂಬೆಯ ಕಾಡಿನಲ್ಲಿ ಅದು ಬಹುಮಟ್ಟಿಗೆ ಮರದ ತಲೆ. ಕಾಡಿನ ನಡುವೆ ತೆರವಾದ ಜಾಗ ಗುಂಡಿಯಂತೆ, ಗದ್ದೆಯ ಅಂಚಿನ ಕಾಡು ದಿಣ್ಣೆಯಂತೆ ಕಾಣುತ್ತದೆ. ಮರ, ಕಟ್ಟಡಗಳ ಎತ್ತರವನ್ನು ಅಂದಾಜಿಸಿ ಕಳೆದ ಫ್ಯಾಬ್‌ಡೆಮ್ ಬ್ರಿಸ್ಟಲ್ ವಿಶ್ವವಿದ್ಯಾಲಯದವರ ಕೆಲಸ, ವಾಣಿಜ್ಯೇತರ ಬಳಕೆಗೆ ಮುಕ್ತ. ಘಟ್ಟದ ಕೆಲಸಕ್ಕೆ ನಾನು ಮೊದಲು ನೋಡುವುದು ಅದನ್ನೇ.

ಭೂಕುಸಿತದ ವಿಷಯದಲ್ಲಂತೂ ಈ ಮಿತಿ ಮರೆಯಲೇಬಾರದು. 2018ರಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು, ಅದೇ ತಿಂಗಳು ವಯನಾಡು. ಪ್ರತಿ ದುರಂತದ ನಂತರ ಇಳಿಜಾರಿನ ನಕ್ಷೆಗಳು ಹೊರಬರುತ್ತವೆ. ರಸ್ತೆಗಾಗಿ ಗುಡ್ಡವನ್ನು 15 ಮೀಟರ್ ಎತ್ತರಕ್ಕೆ ನೆಟ್ಟಗೆ ಕಡಿದಿದ್ದಾರೆ, ಮೇಲೆ ಕೆಳಗೆ ಸಮತಟ್ಟು ಎಂದುಕೊಳ್ಳಿ. ನೆಲದ ಮೇಲೆ ಅದು 90 ಡಿಗ್ರಿ. 30 ಮೀಟರ್ ಡೆಮ್‌ನಲ್ಲಿ ಇಳಿಜಾರಿನ ಲೆಕ್ಕ ನಡೆಯುವುದು ಎರಡು ಬದಿಯ ಚೌಕಗಳ ನಡುವೆ, ಅಂದರೆ 60 ಮೀಟರ್ ಅಂತರದಲ್ಲಿ. 15 ಭಾಗಿಸು 60, ಉತ್ತರ 14 ಡಿಗ್ರಿ. ಹಸಿರು ಬಣ್ಣದ, ಸುರಕ್ಷಿತ ಎಂಬ ವರ್ಗಕ್ಕೆ ಸೇರುವ ಸಂಖ್ಯೆ. ಎಸ್‌ಆರ್‌ಟಿಎಂ ಆದರೆ 2000ನೇ ಇಸವಿಯದು, ಆಮೇಲೆ ಕಡಿದ ಗುಡ್ಡ ಅದರಲ್ಲಿ ಇನ್ನೂ ಹಾಗೇ ಇದೆ. ಇಂಥ ನಕ್ಷೆಯಲ್ಲಿ ಹಸಿರು ಬಳಿಯುವ ಮೊದಲು ಡೆಮ್‌ನ ವರ್ಷ ಮತ್ತು ಚೌಕದ ಅಳತೆಯನ್ನು ನಕ್ಷೆಯ ಮೇಲೆಯೇ ದೊಡ್ಡದಾಗಿ ಬರೆಯಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಕೆಂಪು ಅಕ್ಷರಗಳು

ಈಗ ತಂತ್ರಾಂಶವೇ ಮುನಿಸಿಕೊಂಡಾಗಿನ ಸಂಗತಿ. ಸಾಧನ ಓಡಿದ ಮೇಲೆ ಬರುವ ಲಾಗ್‌ನಲ್ಲಿ ಕೊನೆಯ ಸಾಲಿಗಿಂತ ಮೊದಲ ಎಚ್ಚರಿಕೆಯನ್ನು ಓದಿ. 'ಕಡತ ತೆರೆಯಲಾಗಲಿಲ್ಲ' ಎಂಬ ಕೊನೆಯ ಸಾಲು ಹೆಚ್ಚಾಗಿ ಪರಿಣಾಮ. ಕಾರಣ ಹತ್ತು ಸಾಲು ಮೇಲಿರುತ್ತದೆ. ಪ್ರಾಸೆಸಿಂಗ್ ಮೆನುವಿನ 'ಹಿಸ್ಟರಿ'ಯಲ್ಲಿ ನೀವು ಕೊಟ್ಟ ಆಜ್ಞೆಯೂ ಉಳಿದಿರುತ್ತದೆ.

ಗ್ರಾಸ್ ಮತ್ತು ಸಾಗಾ ಸಾಧನಗಳು ಕಾರಣ ಹೇಳದೆ ಸೋತರೆ ಮೊದಲು ಫೋಲ್ಡರಿನ ಹೆಸರು ನೋಡಿ. ಹೆಸರಿನಲ್ಲಿ ಖಾಲಿ ಜಾಗ, ಕನ್ನಡ ಅಕ್ಷರ, ವಿಂಡೋಸ್ ಬಳಕೆದಾರರ ಹೆಸರೇ ಕನ್ನಡದಲ್ಲಿರುವುದು, ಕ್ಲೌಡ್‌ಗೆ ಜೋಡಿಸಿದ ಡೆಸ್ಕ್‌ಟಾಪ್, ಇವೆಲ್ಲ ಅವುಗಳಿಗೆ ಆಗಿಬರುವುದಿಲ್ಲ. ಸಿ ಡ್ರೈವ್‌ನಲ್ಲಿ ಚಿಕ್ಕ ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿ ಅಲ್ಲಿ ಓಡಿಸಿ ನೋಡಿ. ಹಿಂದೆ ಕ್ಯೂಜಿಐಎಸ್ ಜೊತೆಗೇ ಕಾಣುತ್ತಿದ್ದ ಸಾಗಾ ಸಾಧನಗಳು ಟೂಲ್‌ಬಾಕ್ಸ್‌ನಲ್ಲಿ ಇಲ್ಲದಿದ್ದರೆ ನಿಮ್ಮ ಇನ್‌ಸ್ಟಾಲೇಶನ್ ಕೆಟ್ಟಿಲ್ಲ. ಅವನ್ನು ಈಗ ಬೇರೆ ಪ್ಲಗಿನ್ ಆಗಿ ಹಾಕಿಕೊಳ್ಳಬೇಕು, ಸಾಗಾವನ್ನೂ ಪ್ರತ್ಯೇಕವಾಗಿ ಇಳಿಸಿಕೊಂಡು ದಾರಿ ತೋರಿಸಬೇಕು.

ಗ್ರಾಸ್ ಅನ್ನು ನೇರವಾಗಿ ಬಳಸುವವರಿಗೆ 'ರೀಜನ್' ಎಂಬುದೊಂದಿದೆ. ಎಷ್ಟು ಪ್ರದೇಶ, ಎಷ್ಟು ಅಗಲದ ಚೌಕ ಎಂಬುದನ್ನು ಅದು ಕಡತದಿಂದ ತೆಗೆದುಕೊಳ್ಳುವುದಿಲ್ಲ, ರೀಜನ್‌ನಿಂದ ತೆಗೆದುಕೊಳ್ಳುತ್ತದೆ. ನಿನ್ನೆ ಇಡೀ ಕಾವೇರಿ ಕಣಿವೆಗೆ 500 ಮೀಟರಿನ ರೀಜನ್ ಇಟ್ಟಿದ್ದರೆ ಇವತ್ತಿನ 30 ಮೀಟರ್ ಡೆಮ್‌ನ ಫಲಿತಾಂಶವೂ 500 ಮೀಟರಿನ ದಪ್ಪ ಚೌಕಗಳಲ್ಲೇ ಬರುತ್ತದೆ, ಒಂದೂ ಎಚ್ಚರಿಕೆಯಿಲ್ಲದೆ. ಪ್ರತಿ ಕೆಲಸದ ಮೊದಲು ಜಿ.ರೀಜನ್ ಆಜ್ಞೆಗೆ ನಿಮ್ಮ ಡೆಮ್ ಹೆಸರು ಕೊಟ್ಟು ಓಡಿಸುವುದನ್ನು ರೂಢಿ ಮಾಡಿಕೊಳ್ಳಿ.

'ಪ್ರಾಜ್.ಡಿಬಿ ಸಿಗಲಿಲ್ಲ' ಅಥವಾ ಅದರ ಆವೃತ್ತಿ ಹಳೆಯದು ಎಂಬ ಸಾಲು ವಿಂಡೋಸ್‌ನಲ್ಲಿ ಬರುವುದು ಹೆಚ್ಚಾಗಿ ಪೋಸ್ಟ್‌ಜಿಐಎಸ್‌ನಂಥ ಇನ್ನೊಂದು ತಂತ್ರಾಂಶ ಹಾಕಿದ ಮೇಲೆ. ಸಿಆರ್‌ಎಸ್‌ಗಳ ಮಾಹಿತಿಯೆಲ್ಲ ಇರುವುದು ಆ ಪ್ರಾಜ್.ಡಿಬಿಯಲ್ಲಿ. ಹೊಸದಾಗಿ ಬಂದ ತಂತ್ರಾಂಶ ಪ್ರಾಜ್_ಲಿಬ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟು ಎಲ್ಲರನ್ನೂ ತನ್ನ ಕಡತದ ಕಡೆ ಕಳಿಸುತ್ತಿರುತ್ತದೆ. ಕ್ಯೂಜಿಐಎಸ್ ಮರುಸ್ಥಾಪಿಸಿ ಫಲವಿಲ್ಲ. ಆ ವೇರಿಯಬಲ್ ತೆಗೆಯಿರಿ, ಇಲ್ಲವೇ ಕ್ಯೂಜಿಐಎಸ್‌ನ ಆಪ್ಶನ್ಸ್‌ನಲ್ಲಿ ಸಿಸ್ಟಂ ಪುಟದಲ್ಲಿ ಅದಕ್ಕೆ ಕ್ಯೂಜಿಐಎಸ್‌ನದೇ ಫೋಲ್ಡರ್ ದಾರಿ ಕೊಡಿ.

ಕನ್ನಡದಲ್ಲಿ ನಕ್ಷೆ ಮಾಡುವವರಿಗಾಗಿ ಒಂದು. ನಕ್ಷೆಯ ಬಿಂದು, ಗೆರೆಗಳನ್ನು ಉಳಿಸುವ ಹಳೆಯ ಕಡತ ಮಾದರಿ ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ ಇರುವ ಜಾಗ 10 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ ಸಂಕೇತಕ್ಕೂ 3 ಬೈಟ್ ಬೇಕು, ಗುಣಿತದ ಚಿಹ್ನೆಗೆ ಬೇರೆ 3. 'ಕೆರೆ' ಎಂದು ಬರೆಯಲು ಕ, ಎತ್ವ, ರ, ಎತ್ವ ಸೇರಿ 12 ಬೈಟ್. 'ಕೆರೆ' ಎಂಬ ಪದವೂ ಅದರಲ್ಲಿ ಹಿಡಿಸುವುದಿಲ್ಲ. ಊರ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುವುದು ಎನ್‌ಕೋಡಿಂಗ್ ತಪ್ಪಾದಾಗ. ಎರಡಕ್ಕೂ ಪರಿಹಾರ ಒಂದೇ, ಜಿಯೋಪ್ಯಾಕೇಜ್ ಎಂಬ ಹೊಸ ಕಡತ ಮಾದರಿಯಲ್ಲಿ ಉಳಿಸಿ.

ಇಷ್ಟಾದರೂ ಬಗೆಹರಿಯದಿದ್ದರೆ ಸಮಸ್ಯೆಯನ್ನು ಕುಗ್ಗಿಸಬೇಕು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಗುಡ್ಡದ ಸುತ್ತ ಇನ್ನೂರು ಚೌಕ ಅಗಲದ ತುಣುಕು ಕತ್ತರಿಸಿಕೊಳ್ಳಿ. ಎತ್ತರ ನೋಡಿ, ಅಕ್ಕಪಕ್ಕದ ಚೌಕಗಳಿಂದ ಒಂದು ಇಳಿಜಾರನ್ನು ಕಾಗದದ ಮೇಲೆ ಲೆಕ್ಕ ಮಾಡಿ, ತಂತ್ರಾಂಶದ ಉತ್ತರದ ಜೊತೆ ಹೋಲಿಸಿ. ಸೆಟ್ಟಿಂಗ್ಸ್ ಮೆನುವಿನಿಂದ ಹೊಸ ಯೂಸರ್ ಪ್ರೊಫೈಲ್ ತೆರೆದು ಅದೇ ತುಣುಕು ಓಡಿಸಿ. ಅಲ್ಲಿ ಸರಿಬಂದರೆ ತಪ್ಪು ನಿಮ್ಮ ಹಳೆಯ ಪ್ಲಗಿನ್ ಅಥವಾ ಸೆಟ್ಟಿಂಗ್‌ನದು. ಅಲ್ಲೂ ಸೋತರೆ ಅದೇ ಲೆಕ್ಕವನ್ನು ಬೇರೆ ಎಂಜಿನ್‌ನಲ್ಲಿ ಮಾಡಿ. ಜಿಡಿಎಎಲ್ ಮತ್ತು ಗ್ರಾಸ್ ಎರಡೂ ಒಂದೇ ತಪ್ಪು ಉತ್ತರ ಕೊಟ್ಟರೆ ದತ್ತಾಂಶದ ಕಡೆ ತಿರುಗಿ. ಒಂದು ಸರಿ, ಇನ್ನೊಂದು ತಪ್ಪು ಎಂದಾದರೆ ತಪ್ಪು ಹೇಳಿದ ಎಂಜಿನ್‌ನ ಯೋಜನೆಗೇ ದೂರು ಕೊಡಿ, ಆ ಪುಟ್ಟ ತುಣುಕು, ಆವೃತ್ತಿಯ ಸಂಖ್ಯೆ, ಪೂರ್ತಿ ಲಾಗ್, ನಿಮ್ಮ ಕೈಲೆಕ್ಕದ ಉತ್ತರ ಸಮೇತ.